ಕೆಂಚನವರ ಊರು

ನಾವು ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಅಮ್ಮ ನಮ್ಮ ವಿಳಾಸವನ್ನು ಪಕ್ಕದ ಮನೆಯ ಹುಡುಗನ ಕೈಲಿ ಬರೆಸಿಟ್ಟುಕೊಂಡಿದ್ದರು. ಊರಿನ ಹೆಸರನ್ನು ಅವನು ‘ರೀಡಿಂಗ್’ ಅಂತ ಓದಿದನಂತೆ. ಮಾರನೇ ದಿನ ಅಮ್ಮ ಫೋನಿನಲ್ಲಿ ಕೇಳಿದರು: ‘ಓದೋದು ಅಂತ ಊರಿಗೆ ಹೆಸರಿಡ್ತಾರೇನೇ?’

‘ರೀಡಿಂಗ್ ಅಲ್ಲಮ್ಮ, ರೆಡಿಂಗ್’ ಅಂದೆ.

‘ಹಂಗಂದ್ರೆ?’

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ಹಾಗೇ ಉಳಿಯಿತು. ಕೆಲವು ವರ್ಷ ಕಳೆದ ಮೇಲೆ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ‘ನಿಮ್ಮ ಊರಿಗೆ ಈ ಹೆಸರು ಹೇಗೆ ಬಂತು, ಮನೆಯವರನ್ನು ಕೇಳಿ ಬರೆಯಿರಿ’ ಅಂತ ಅದರಲ್ಲಿತ್ತು. ಸುಮ್ನೆ ಒಂದು ಸಾಲು ಹುಡುಕಿ ಕೊಡೋಣ ಅಂತ ಕೂತೆ. ಒಂದಲ್ಲ, ಮೂರು ಉತ್ತರ ಸಿಕ್ಕವು. ವೇಲ್ಸ್ ಭಾಷೆಯಲ್ಲಿ ಜರೀಗಿಡಕ್ಕೆ ‘ರೆಡಿನ್’ ಅನ್ನುತ್ತಾರೆ, ಅದರಿಂದ ಬಂತು ಅಂತ ಒಂದು. ಹೊಳೆ ದಾಟುವ ಜಾಗಕ್ಕಿದ್ದ ಹಳೆಯ ಹೆಸರು ಅಂತ ಇನ್ನೊಂದು. ‘ಕೆಂಪು’ ಅನ್ನುವ ಮಾತಿನಿಂದ ಬಂತು ಅಂತ ಮೂರನೆಯದು. ಮೂರನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದ್ದರು. ಮಗಳಿಗೆ ಯಾವುದನ್ನು ಹೇಳಲಿ?

ನಾನು ಭಾಷಾಶಾಸ್ತ್ರ ಓದಿದವಳಲ್ಲ. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಆದರೆ ಆ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ಮೊತ್ತದ ಬಗ್ಗೆ ಮೂವರು ಮೂರು ಥರ ಹೇಳಿದರೆ, ಯಾರ ಮಾತು ಚೆನ್ನಾಗಿದೆ ಅಂತ ನೋಡುವುದಿಲ್ಲ. ಮೊದಲ ರಸೀದಿ ಎಲ್ಲಿದೆ ಅಂತ ಹುಡುಕುತ್ತೇವೆ. ಊರ ಹೆಸರಿನ ವಿಷಯದಲ್ಲೂ ಹಾಗೇ ಮಾಡೋಣ ಅನ್ನಿಸಿತು.

ಹಾಗೆ ಅನ್ನಿಸಲು ಬೆಂಗಳೂರು ಕೂಡ ಕಾರಣ. ನಾವೆಲ್ಲ ಚಿಕ್ಕಂದಿನಲ್ಲಿ ಬೆಂದ ಕಾಳಿನ ಕತೆ ಕೇಳಿ ಬೆಳೆದವರು, ಅಲ್ವಾ? ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ್ದು, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಿದ್ದು, ಬೆಂದಕಾಳೂರು ಬೆಂಗಳೂರಾಗಿದ್ದು. ಆದರೆ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಅನ್ನುವ ಹೆಸರೇ ಇದೆ. ಅದು 9ನೇ ಶತಮಾನದ ಕೊನೆಯ ಹೊತ್ತಿನದು, ಗಂಗರ ಕಾಲದ್ದು. ಬಲ್ಲಾಳ 12ನೇ ಶತಮಾನದವನು. ರಾಜ ಹುಟ್ಟುವ ಮುಂಚೆಯೇ ಊರಿಗೆ ಆ ಹೆಸರು ಇತ್ತು ಅಂದಮೇಲೆ ಕತೆ ಎಷ್ಟು ಚೆನ್ನಾಗಿದ್ದರೂ ಹೆಸರಿನ ಮೂಲ ಅದಲ್ಲ. ಒಂದು ಕಲ್ಲು, ಒಂದು ತಾರೀಖು. ರೆಡಿಂಗ್‌ಗೂ ಅಂಥದ್ದೊಂದು ಕಲ್ಲು ಬೇಕಿತ್ತು.

ಊರಿನ ಗ್ರಂಥಾಲಯದಲ್ಲಿ ಸ್ಥಳೀಯ ಇತಿಹಾಸಕ್ಕೆ ಅಂತ ಬೇರೆ ವಿಭಾಗವೇ ಇದೆ. ಶನಿವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗತೊಡಗಿದೆ. ಈ ದೇಶದಲ್ಲಿ ಊರ ಹೆಸರುಗಳ ಅಧ್ಯಯನಕ್ಕೆಂದೇ 1923ರಲ್ಲಿ ಒಂದು ಸಂಘ ಶುರುವಾಗಿದೆ. ಒಂದೊಂದು ಕೌಂಟಿಗೂ ಸಂಪುಟಗಳನ್ನು ತರುತ್ತಾ ಬಂದಿದ್ದಾರೆ. ನಮ್ಮ ಬರ್ಕ್‌ಷೈರ್‌ನ ಮೂರು ಸಂಪುಟಗಳನ್ನು ಮಾರ್ಗರೆಟ್ ಗೆಲ್ಲಿಂಗ್ ಅನ್ನುವ ವಿದ್ವಾಂಸೆ 1973ರಿಂದ 1976ರೊಳಗೆ ಹೊರತಂದರು. ಊರು, ಹೊಳೆ, ಹೊಲ ಎಲ್ಲದರ ಹೆಸರನ್ನೂ ಯಾವ ವರ್ಷ ಯಾವ ಕಾಗದದಲ್ಲಿ ಹೇಗೆ ಬರೆದಿದ್ದರು ಅಂತ ಸಾಲಾಗಿ ಕೊಟ್ಟಿದ್ದಾರೆ. ನಾನು ಮೊದಲು ಅರ್ಥದ ಸಾಲನ್ನು ಓದಲೇ ಇಲ್ಲ. ಹಳೆಯ ಬರಹದ ರೂಪಗಳನ್ನಷ್ಟೇ ಕಾರ್ಡುಗಳ ಮೇಲೆ ಬರೆದುಕೊಂಡೆ. ಒಂದು ಕಾರ್ಡಿಗೆ ಒಂದು ವರ್ಷ, ಒಂದು ರೂಪ. ನೀವೂ ಯಾವುದಾದರೂ ಊರಿನ ಹೆಸರು ಹುಡುಕುವುದಾದರೆ ಹೀಗೇ ಮಾಡಿ ಅಂತ ಹೇಳುತ್ತೇನೆ. ಅರ್ಥ ಮೊದಲೇ ತಲೆಯಲ್ಲಿ ಕೂತರೆ ಕಣ್ಣು ಅದಕ್ಕೆ ಬೇಕಾದ್ದನ್ನೇ ನೋಡುತ್ತದೆ.

ಮೊದಲ ಕಾರ್ಡು 871ರದ್ದು. ಡೆನ್ಮಾರ್ಕ್ ಕಡೆಯಿಂದ ದಾಳಿಗೆ ಬಂದ ಡೇನರ ದಂಡು ಆ ಚಳಿಗಾಲ ಇಲ್ಲಿಗೆ ಬಂದು ಬೀಡು ಬಿಟ್ಟಿತು. ಹಳೆಯ ಇಂಗ್ಲಿಷಿನ ವರ್ಷಾವಳಿಯಲ್ಲಿ ಆ ವರ್ಷದ ಸಾಲು ಶುರುವಾಗುವುದೇ ನಮ್ಮ ಊರಿನಿಂದ. ದಂಡು ವೆಸೆಕ್ಸ್ ಸೀಮೆಯ ‘ರೇಡಿಂಗುಮ್’ಗೆ ಬಂತು ಅಂತ ಅಲ್ಲಿದೆ. ಆ ವರ್ಷಾವಳಿಯ ಅತಿ ಹಳೆಯ ಹಸ್ತಪ್ರತಿ ಕೇಂಬ್ರಿಡ್ಜಿನ ಒಂದು ಕಾಲೇಜಿನಲ್ಲಿ ಇವತ್ತಿಗೂ ಇದೆ.

ಎರಡನೇ ಕಾರ್ಡು 893ರದ್ದು. ವೆಸೆಕ್ಸಿನ ಆಲ್ಫ್ರೆಡ್ ರಾಜನ ಚರಿತ್ರೆ ಬರೆದ ಆಸ್ಸರ್ ಅನ್ನುವ ಪಾದ್ರಿ ಅದೇ ದಂಡಿನ ಬಗ್ಗೆ ಲ್ಯಾಟಿನ್‌ನಲ್ಲಿ ಬರೆಯುತ್ತಾ ಊರನ್ನು ‘ರೆಡಿಗಮ್’ ಅನ್ನುತ್ತಾನೆ. ಥೇಮ್ಸ್ ನದಿಯ ತೆಂಕಣ ದಂಡೆಯಲ್ಲಿರುವ ರಾಜನ ಊರು ಅಂತ ಗುರುತು ಕೊಡುತ್ತಾನೆ. ಅವನ ಪುಸ್ತಕದ ಹಳೆಯ ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು. ನಮಗೆ ಉಳಿದಿರುವುದು ಅದಕ್ಕೆ ಮುಂಚೆ ಮಾಡಿಕೊಂಡ ನಕಲುಗಳು. ಹಾಗಾಗಿ ಅವನ ಅಕ್ಷರಗಳಿಗೆ ನಾನು ಸ್ವಲ್ಪ ಕಡಿಮೆ ತೂಕ ಕೊಟ್ಟೆ.

ಮೂರನೆಯದು 1086. ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ ರಾಜ ವಿಲಿಯಂ ದೇಶದ ಹೊಲ, ಮನೆ, ಗಿರಣಿ ಎಲ್ಲವನ್ನೂ ಲೆಕ್ಕ ಹಾಕಿಸಿದ ಡೂಮ್ಸ್‌ಡೇ ಕಡತ. ಅಲ್ಲಿ ‘ರಾಡಿಂಗೆಸ್’ ಅಂತಿದೆ. ಆಮೇಲಿನ ಕಾರ್ಡುಗಳಲ್ಲಿ ‘ರೆಡಿಂಗೆಸ್’, ‘ರೆಡಿಂಗೆ’ ಅಂತ ಸವೆಯುತ್ತಾ ಕೊನೆಗೆ ಇವತ್ತಿನ ರೂಪಕ್ಕೆ ಬರುತ್ತದೆ. ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಸಾಲಾಗಿ ಇಟ್ಟೆವು. ಮಗಳು ಬೆರಳಿಟ್ಟು ಒಂದೊಂದನ್ನೇ ಓದಿದಳು. ‘ಅಮ್ಮ, ಹಳೇದೆಲ್ಲ ಉದ್ದ ಇದೆ. ಬಾಲ ಇದೆ’ ಅಂದಳು. ಅವಳು ಹೇಳಿದ ಆ ಬಾಲವೇ ಮುಖ್ಯ ಅಂತ ನನಗೆ ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ಆ ಒಂದು ತಿಂಗಳು ನಾನು ತಪ್ಪು ದಾರಿಯಲ್ಲಿದ್ದೆ. ಹಳೆಯ ಇಂಗ್ಲಿಷಿನಲ್ಲಿ ‘ರೇಡ್’ ಅಂದರೆ ಕೆಂಪು ಅಂತ ಗೊತ್ತಾಯಿತು. ಯಾರ್ಕ್‌ಷೈರ್ ಕಡೆ ‘ಇಂಗ್’ ಅಂದರೆ ಹೊಳೆ ಪಕ್ಕದ ಹುಲ್ಲುಗಾವಲು ಅಂತ ಎಲ್ಲೋ ಓದಿದೆ. ಎರಡನ್ನೂ ಸೇರಿಸಿದೆ: ಕೆಂಪು ಹುಲ್ಲುಗಾವಲು. ಕೆನೆಟ್ ಹೊಳೆಯ ಪಕ್ಕದಲ್ಲಿ ನಡೆದುಹೋದರೆ ಬೇಸಿಗೆಯ ಕೊನೆಯಲ್ಲಿ ಹುಲ್ಲು ನಿಜವಾಗಲೂ ಕೆಂಚಗೆ ಕಾಣುತ್ತದೆ. ಫೋಟೋ ಕೂಡ ತೆಗೆದಿಟ್ಟಿದ್ದೆ. ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಖುಷಿಪಟ್ಟಿದ್ದೆ.

ಆದರೆ ಆ ‘ಇಂಗ್’ ಡೇನರು, ನಾರ್ವೆಯವರು ನೆಲೆಸಿದ ಉತ್ತರ ಸೀಮೆಯ ಮಾತು. ಅವರ ಭಾಷೆಯಿಂದ ಬಂದದ್ದು. ಇಲ್ಲಿ ತೆಂಕಣದಲ್ಲಿ ಡೇನರು ಒಂದು ಚಳಿಗಾಲ ಬೀಡುಬಿಟ್ಟು ಹೋದರು, ನೆಲೆಸಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ಬಂದಾಗಲೇ ಊರಿಗೆ ಈ ಹೆಸರಿತ್ತು. ನನ್ನ ಮೊದಲ ಕಾರ್ಡೇ ನನ್ನ ಊಹೆಯನ್ನು ಹೊಡೆದುಹಾಕಿತ್ತು. ಅದನ್ನು ನಾನೇ ಬರೆದಿದ್ದೆ, ಆದರೆ ಸರಿಯಾಗಿ ಓದಿರಲಿಲ್ಲ. ಒಂದು ಸೀಮೆಯ ಊರ ಹೆಸರನ್ನು ಇನ್ನೊಂದು ಸೀಮೆಯ ಮಾತಿನಿಂದ ಬಿಡಿಸಬಾರದು. ನಮ್ಮಲ್ಲೂ ಹಾಗೇ ತಾನೆ? ಹಾಸನದ ಕಡೆಯ ‘ಕೊಪ್ಪಲು’ ಬೀದರಿನಲ್ಲಿ ಸಿಗುತ್ತದೆಯೇ?

ಮತ್ತೆ ಕಾರ್ಡುಗಳ ಮುಂದೆ ಕೂತೆ. ಈ ಸಲ ಬಾಲವನ್ನು ನೋಡಿದೆ. ‘ರೇಡಿಂಗುಮ್.’ ಹಳೆಯ ಇಂಗ್ಲಿಷಿನಲ್ಲಿ ಕನ್ನಡದ ಹಾಗೇ ವಿಭಕ್ತಿಗಳಿದ್ದವು. ಇವತ್ತಿನ ಇಂಗ್ಲಿಷಿನಲ್ಲಿ ಅವು ಹೆಚ್ಚುಕಡಿಮೆ ಉದುರಿಹೋಗಿವೆ. ‘ಉಮ್’ ಅನ್ನುವುದು ಬಹುವಚನದ ವಿಭಕ್ತಿ. ಬಹುವಚನ! ಒಂದು ಊರಿನ ಹೆಸರು ಬಹುವಚನದಲ್ಲಿ ಯಾಕಿರಬೇಕು? ಯಾಕೆಂದರೆ ಅದು ಮೊದಲು ಊರಿನ ಹೆಸರಾಗಿರಲೇ ಇಲ್ಲ, ಜನರ ಹೆಸರಾಗಿತ್ತು. ‘ರೇಡ’ ಒಬ್ಬ ಮನುಷ್ಯ. ‘ರೇಡಿಂಗಸ್’ ಅಂದರೆ ಅವನ ಕಡೆಯವರು, ಅವನ ಮನೆತನದವರು, ಅವನನ್ನು ಹಿರಿಯ ಅಂತ ಒಪ್ಪಿಕೊಂಡವರು. ಡೂಮ್ಸ್‌ಡೇಯ ‘ರಾಡಿಂಗೆಸ್’ನಲ್ಲಿ ಕೊನೆಗೆ ಬರುವ ‘ಸ್’ ಕೂಡ ಅದೇ ಬಹುವಚನದ ಉಳಿಕೆ. ಸಮುದ್ರದ ದಂಡೆಯ ಹೇಸ್ಟಿಂಗ್ಸ್ ಅದನ್ನು ಇವತ್ತಿಗೂ ಇಟ್ಟುಕೊಂಡಿದೆ. ನಮ್ಮ ಊರು ಕಳೆದುಕೊಂಡಿದೆ.

ಇದನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಓದಿದರೂ ನನಗೆ ಒಳಗೆ ಇಳಿದಿರಲಿಲ್ಲ. ಕನ್ನಡದಲ್ಲಿ ಹೇಳಿಕೊಂಡಾಗ ಒಂದೇ ಕ್ಷಣದಲ್ಲಿ ಇಳಿಯಿತು. ‘ಇಂಗ್’ ಅಂದರೆ ನಮ್ಮ ‘-ನವರು’. ಪಟೇಲನವರು, ದೊಡ್ಡಮನೆಯವರು ಅನ್ನುತ್ತೇವಲ್ಲ, ಅದು. ‘ಎಲ್ಲಿಗೆ ಹೋಗಿದ್ದೆ?’ ಅಂದರೆ ‘ಪಟೇಲರೋರ ಹತ್ರ ಹೋಗಿದ್ದೆ’ ಅನ್ನುತ್ತೇವೆ. ಊರಿನ ಹೆಸರು ಬೇಕಾಗುವುದೇ ಇಲ್ಲ, ಜನರ ಹೆಸರೇ ಜಾಗದ ಗುರುತು. ವರ್ಷಾವಳಿ ಬರೆದವನೂ ಅದನ್ನೇ ಬರೆದಿದ್ದಾನೆ: ದಂಡು ರೇಡನವರಲ್ಲಿಗೆ ಬಂತು.

ರೇಡ ಅನ್ನುವ ಹೆಸರಿನ ಅರ್ಥವೋ, ಕೆಂಪಗಿರುವವನು. ಕೆಂಪು ಕೂದಲಿನವನು ಇರಬಹುದು, ಕೆಂಪು ಮೈಬಣ್ಣದವನು ಇರಬಹುದು. ನಮ್ಮಲ್ಲಿ ಇದಕ್ಕೆ ಹೊಸ ಮಾತು ಹುಡುಕಬೇಕಿಲ್ಲ. ಕೆಂಚ, ಕೆಂಚಪ್ಪ, ಕೆಂಪಣ್ಣ, ಕೆಂಪೇಗೌಡ. ರೇಡ ಅಂದರೆ ಕೆಂಚ. ರೆಡಿಂಗ್ ಅಂದರೆ ಕೆಂಚನವರು. ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಇದನ್ನು ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಆ ಖುಷಿ ಹೇಗಿತ್ತು ಅಂತ ಹೇಳಲು ನನಗೆ ಬರುವುದಿಲ್ಲ.

ಉಚ್ಚಾರಣೆಯ ಗಂಟು ಕೂಡ ಇಲ್ಲೇ ಬಿಚ್ಚಿಕೊಂಡಿತು. ಇಂಗ್ಲಿಷಿನಲ್ಲಿ ಕೆಂಪಿಗೆ ಇವತ್ತು ‘ರೆಡ್’ ಅನ್ನುತ್ತಾರೆ, ಆದರೆ ಹಳೆಯ ಕಾಲದಲ್ಲಿ ಅದನ್ನು ಎಳೆದು ‘ರೇಡ್’ ಅನ್ನುತ್ತಿದ್ದರು. ಕಾಲ ಕಳೆದಂತೆ ಸ್ವರ ಗಿಡ್ಡವಾಯಿತು. ತಲೆಗೆ ‘ಹೆಡ್’, ರೊಟ್ಟಿಗೆ ‘ಬ್ರೆಡ್’ ಅನ್ನುವಾಗಲೂ ಹೀಗೇ ಆಗಿದೆ. ಅವೆರಡರಲ್ಲೂ ಬರವಣಿಗೆಯಲ್ಲಿ ಇ (e) ಮತ್ತು ಎ (a) ಅಕ್ಷರಗಳು ಜೋಡಿಯಾಗಿ ಉಳಿದಿವೆ, ಬಾಯಲ್ಲಿ ಮಾತ್ರ ಗಿಡ್ಡ ಸ್ವರ. ಬಣ್ಣದ ಹೆಸರಿನಲ್ಲಿ ಆ ‘ಎ’ ಅಕ್ಷರ ಬಿದ್ದುಹೋಯಿತು. ಊರಿನ ಹೆಸರಿನಲ್ಲಿ ಬೀಳಲಿಲ್ಲ. ಅದರಿಂದಲೇ ಅದು ‘ಓದುವುದು’ ಅನ್ನುವ ಪದದ ಹಾಗೇ ಕಾಣುತ್ತದೆ. ಅಮ್ಮನ ಪಕ್ಕದ ಮನೆಯ ಹುಡುಗನದು ಏನೂ ತಪ್ಪಿಲ್ಲ.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಜರೀಗಿಡದ ಮಾತನ್ನು 16ನೇ ಶತಮಾನದಲ್ಲೇ ವಿಲಿಯಂ ಕ್ಯಾಮ್ಡನ್‌ನಂಥ ದೊಡ್ಡ ವಿದ್ವಾಂಸರು ಎತ್ತಿದ್ದರು. ಅದನ್ನು ಹಾಗೇ ತಳ್ಳಿಬಿಡುವುದು ಸರಿಯಲ್ಲ. ಇಲ್ಲಿ ನನಗೆ ಸಹಾಯ ಮಾಡಿದವನು ಆಸ್ಸರ್. ಅವನು ವೇಲ್ಸಿನವನು, ಅವನ ತಾಯ್ನುಡಿ ವೇಲ್ಸ್ ಭಾಷೆ. ಊರಿಗೆ ವೇಲ್ಸ್ ಹೆಸರಿದ್ದರೆ ಹಲವು ಕಡೆ ಅದನ್ನೂ ಹೇಳುವ ಅಭ್ಯಾಸ ಅವನದು. ನಾಟಿಂಗ್‌ಹ್ಯಾಮ್ ವಿಷಯ ಬಂದಾಗ, ವೇಲ್ಸ್ ಭಾಷೆಯಲ್ಲಿ ಇದಕ್ಕೆ ಗವಿಮನೆಗಳು ಅನ್ನುವ ಅರ್ಥದ ಹೆಸರಿದೆ ಅಂತ ಬರೆಯುತ್ತಾನೆ. ಎಕ್ಸಿಟರ್‌ಗೂ ವೇಲ್ಸ್ ಹೆಸರು ಕೊಡುತ್ತಾನೆ. ರೆಡಿಂಗ್‌ಗೆ ಬಂದಾಗ ಅಂಥ ಮಾತೇ ಇಲ್ಲ. ಈ ಹೆಸರು ಅವನದೇ ಭಾಷೆಯ ಜರೀಗಿಡದಿಂದ ಬಂದಿದ್ದರೆ ಅವನ ಕಿವಿಗೆ ಬೀಳದೆ ಇರುತ್ತಿತ್ತೇ? ಇದರ ಮೇಲೆ ಆ ಬಹುವಚನದ ವಿಭಕ್ತಿ. ಗಿಡದ ಹೆಸರಿಗಾಗಲಿ ಹೊಳೆ ದಾಟುವ ಜಾಗಕ್ಕಾಗಲಿ ‘-ನವರು’ ಯಾಕೆ ಸೇರುತ್ತದೆ? (ಅಂದಹಾಗೆ, ಆಸ್ಸರನ ಕಾಲದ ನಾಟಿಂಗ್‌ಹ್ಯಾಮ್ ‘ಸ್ನಾಟೆಂಗಹಾಮ್’ ಆಗಿತ್ತು. ಸ್ನಾಟ್ ಎಂಬುವನ ಕಡೆಯವರ ನೆಲೆ. ನಾರ್ಮನ್ನರು ಬಂದ ಮೇಲೆ ಮೊದಲಿನ ‘ಸ್’ ಬಿದ್ದುಹೋಯಿತು.)

ಮುಂದೆ ಅಕ್ಕಪಕ್ಕದ ಊರುಗಳನ್ನು ನೋಡಿದೆ. ಒಂದು ಹೆಸರು ಒಂಟಿಯಾಗಿ ನಿಂತಿದ್ದರೆ ಅನುಮಾನ ಪಡಬಹುದು, ಸುತ್ತ ಅದರ ಬಳಗ ಇದ್ದರೆ ಧೈರ್ಯ ಬರುತ್ತದೆ. ಪೂರ್ವಕ್ಕೆ ಮೂರು ಮೈಲಿ ದೂರದಲ್ಲಿ ಸಾನಿಂಗ್, ಸುನ್ನ ಎಂಬುವನ ಕಡೆಯವರು. ಆಚೆ ವೋಕಿಂಗ್‌ಹ್ಯಾಮ್, ವೊಕ್ಕನವರ ಮನೆ. ಸರ್ರೆಯ ವೋಕಿಂಗ್ ಊರಿನಲ್ಲೂ ಅದೇ ವೊಕ್ಕನ ಹೆಸರಿದೆ. ತೆಂಕಣಕ್ಕೆ ಬೇಸಿಂಗ್, ಬಾಸನವರು. ಅವರ ಊರಿನ ಹೊರಗಿನ ತೋಟ, ಕೊಟ್ಟಿಗೆ ಇದ್ದ ಜಾಗ ಬೇಸಿಂಗ್‌ಸ್ಟೋಕ್. ಇವತ್ತು ಆ ಕೊಟ್ಟಿಗೆ ದೊಡ್ಡ ಪಟ್ಟಣ, ಮೂಲದ ಬೇಸಿಂಗ್ ಅದರ ಪಕ್ಕದ ಹಳ್ಳಿ. ಮೇಲಕ್ಕೆ ಹೋದರೆ ಗೋರಿಂಗ್, ಗಾರನವರು. ಈ ಸೀಮೆಯಲ್ಲೆಲ್ಲ ಒಬ್ಬೊಬ್ಬ ಹಿರಿಯನ ಮಂದಿ ಒಂದೊಂದು ಕಡೆ ಕೂತಿದ್ದಾರೆ. ಕನ್ನಡದ ಕಿವಿಗೆ ಇದು ಹೊಸದಲ್ಲ.

ಒಂದು ಕಾಲದಲ್ಲಿ ಈ ಥರದ ಹೆಸರುಗಳೇ ಇಂಗ್ಲಿಷರು ಈ ದ್ವೀಪಕ್ಕೆ ಬಂದಿಳಿದ ಮೊದಲ ದಿನಗಳವು ಅಂತ ವಿದ್ವಾಂಸರು ನಂಬಿದ್ದರು. 1966ರಲ್ಲಿ ಜಾನ್ ಡಾಡ್ಜ್‌ಸನ್ ಅನ್ನುವ ವಿದ್ವಾಂಸ ಈ ಹೆಸರುಗಳಿರುವ ಜಾಗಗಳನ್ನೂ, ಕ್ರೈಸ್ತರಾಗುವ ಮುಂಚಿನ ಇಂಗ್ಲಿಷರ ಹಳೆಯ ಸಮಾಧಿಗಳು ಸಿಕ್ಕಿದ ಜಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಹೊಂದಲಿಲ್ಲ. ಹಾಗಾಗಿ ಇವು ಬಂದಿಳಿದವರ ಹೆಸರುಗಳಲ್ಲ, ಬಂದು ನೆಲೆ ನಿಂತು ಹರಡಿಕೊಂಡವರ ಹೆಸರುಗಳು ಅನ್ನುವ ತಿಳಿವಳಿಕೆ ಬಂತು. ವಲಸೆ ಬಂದ ನನ್ನಂಥವಳಿಗೆ ಈ ವ್ಯತ್ಯಾಸ ದೊಡ್ಡದು. ಬರುವುದು ಬೇರೆ, ನಿಲ್ಲುವುದು ಬೇರೆ.

ಇಷ್ಟರಲ್ಲಿ ಗ್ರಂಥಾಲಯದ ಕೆಲಸ ಮುಗಿದಿತ್ತು. ಕೊನೆಗೆ ನಡೆದು ನೋಡಿದೆವು. ಪುಸ್ತಕ ಮೊದಲು, ನಡಿಗೆ ಆಮೇಲೆ ಅಂತ ಬೇಕಂತಲೇ ಇಟ್ಟುಕೊಂಡಿದ್ದೆ. ಕೆಂಪು ಹುಲ್ಲುಗಾವಲಿನ ಪಾಠ ಅದು. ಈ ಊರಿನಲ್ಲಿ ಎರಡು ನದಿ ಸೇರುತ್ತವೆ, ದಾಟುವ ಜಾಗಗಳಿವೆ, ಜರೀಗಿಡವೂ ಬೆಳೆಯುತ್ತದೆ. ಬರೀ ನೆಲ ನೋಡಿದರೆ ಮೂರು ಕತೆಗಳೂ ನಿಜ ಅನ್ನಿಸುತ್ತವೆ. ನೆಲ ಸಾಕ್ಷಿ ಹೇಳುವುದು ಪದದ ಅರ್ಥ ಮೊದಲೇ ಗಟ್ಟಿಯಾಗಿದ್ದಾಗ ಮಾತ್ರ. ಪಕ್ಕದ ಟ್ವೈಫರ್ಡ್ ಅಂಥದ್ದು. ಹೊಳೆ ದಾಟುವ ಜೋಡಿ ಜಾಗ ಅಂತ ಅರ್ಥ. ಅಲ್ಲಿ ಲೊಡನ್ ಹೊಳೆ ಕವಲಾಗಿ ಹರಿಯುವುದನ್ನು ಇವತ್ತಿಗೂ ಸೇತುವೆ ಮೇಲೆ ನಿಂತು ನೋಡಬಹುದು.

ನಾವು ಸೇಂಟ್ ಮೇರಿ ಚರ್ಚಿನ ಹತ್ತಿರದಿಂದ ಹೊರಟೆವು. ಎರಡು ಹೊಳೆಗಳ ನಡುವಿನ ಎತ್ತರದ ನೆಲ ಅದು. 1121ರಲ್ಲಿ ಒಂದನೇ ಹೆನ್ರಿ ರಾಜ ಕಟ್ಟಿಸಲು ಶುರುಮಾಡಿದ ಮಠದ ಪಾಳುಗೋಡೆಗಳನ್ನು ದಾಟಿ, ಕೆನೆಟ್ ದಂಡೆ ಹಿಡಿದು ಅದು ಥೇಮ್ಸ್ ಸೇರುವ ಜಾಗಕ್ಕೆ ಹೋದೆವು. ಡೇನರು ಎರಡೂ ನದಿಗಳ ನಡುವೆ ಅಡ್ಡಲಾಗಿ ಮಣ್ಣಿನ ಕೋಟೆಗೋಡೆ ಎಬ್ಬಿಸಿದರು ಅಂತ ಆಸ್ಸರ್ ಬರೆದಿದ್ದಾನೆ. ಎರಡು ಕಡೆ ನೀರು, ಒಂದು ಕಡೆ ಗೋಡೆ. ಆ ತುದಿಯಲ್ಲಿ ನಿಂತರೆ ಯಾಕೆ ಇಲ್ಲೇ ಬೀಡು ಬಿಟ್ಟರು ಅಂತ ಮಗುವಿಗೂ ಅರ್ಥವಾಗುತ್ತದೆ. ಅದಕ್ಕೂ ಮುಂಚೆ ಕೆಂಚನವರು ಯಾಕೆ ಇಲ್ಲಿ ನಿಂತರು ಅನ್ನುವುದೂ ಅರ್ಥವಾಗುತ್ತದೆ. ನೀರಿಗೆ ಹತ್ತಿರ, ನೆರೆ ಬಂದರೆ ಹತ್ತಲು ದಿಣ್ಣೆ.

ನೀರಿನ ಹೆಸರುಗಳು ಮಾತ್ರ ಕೆಂಚನವರಿಗಿಂತ ಹಳೆಯವು. ಥೇಮ್ಸ್ ಅನ್ನು ಜೂಲಿಯಸ್ ಸೀಸರ್ ‘ತಮೆಸಿಸ್’ ಅಂತ ಬರೆದಿದ್ದಾನೆ. ಕೆನೆಟ್ ಹೆಸರಿಗೂ ಅದರ ಮೇಲುಭಾಗದಲ್ಲಿದ್ದ ರೋಮನ್ ಊರು ಕುನೆಟಿಯೊಗೂ ನಂಟಿದೆ. ಹೊಸ ಜನ ಬಂದು ಊರಿಗೆ ಹೊಸ ಹೆಸರಿಟ್ಟರೂ ಹೊಳೆಯ ಹೆಸರನ್ನು ಇದ್ದವರಿಂದ ಕೇಳಿಕೊಂಡು ಹಾಗೇ ಕರೆದರು.

ಇದೆಲ್ಲ ಆದಮೇಲೆ ಗೆಳತಿಯರು ತಮ್ಮ ಊರುಗಳ ಹೆಸರು ಕೇಳತೊಡಗಿದರು. ಮಿಲ್ಟನ್ ಕೀನ್ಸ್‌ನಲ್ಲಿರುವ ಒಬ್ಬಳು, ಅದು ಕವಿ ಮಿಲ್ಟನ್ ಮತ್ತು ಅರ್ಥಶಾಸ್ತ್ರಜ್ಞ ಕೀನ್ಸ್ ಇಬ್ಬರ ಹೆಸರು ಸೇರಿಸಿ ಇಟ್ಟದ್ದು ಅಂತ ನಂಬಿದ್ದಳು. ಆ ಹೊಸ ನಗರದ ಘೋಷಣೆ ಆದದ್ದು 1967ರಲ್ಲಿ, ಹಾಗಾಗಿ ನಂಬುವುದು ಸುಲಭ. ಮತ್ತೆ ಅದೇ ಕೆಲಸ: ಹಳೆಯ ಕಡತ. 1086ರಲ್ಲೇ ಅಲ್ಲಿ ‘ಮಿಡೆಲ್ಟೋನ್’ ಅನ್ನುವ ಹಳ್ಳಿ ಇದೆ, ಅಂದರೆ ನಡುವಿನ ಊರು. ಆಮೇಲೆ ಅದರ ಒಡೆತನ ಕಾಹೇನ್ ಅನ್ನುವ ನಾರ್ಮನ್ ಮನೆತನಕ್ಕೆ ಬಂತು, ಅವರ ಹೆಸರು ಬಾಲಕ್ಕೆ ಸೇರಿ ಕೀನ್ಸ್ ಆಯಿತು. ನಗರಕ್ಕೆ ಆ ಹಳ್ಳಿಯ ಹೆಸರನ್ನೇ ಇಟ್ಟರು. ಸ್ಲೌದಲ್ಲಿರುವವಳಿಗೆ ಹೇಳುವುದು ಸ್ವಲ್ಪ ಕಷ್ಟವಾಯಿತು. ಅದರ ಅರ್ಥ ಕೆಸರು.

ಮಗಳು ತನ್ನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಕೆಳಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ‘ಕೆಂಚನವರು’ ಅಂತ ಬರೆದಳು. ‘ಚ’ಕ್ಕೆ ಒತ್ತು ಕೊಟ್ಟುಬಿಟ್ಟಿದ್ದಳು. ತಿದ್ದಿಕೊಟ್ಟೆ.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಡುವೆ ಮಾತಾಡದೆ ಕೇಳಿಸಿಕೊಂಡರು.

‘ನಮ್ಮ ಕೆಂಚೇನಹಳ್ಳಿ ಇದ್ದಂಗೆ ಅನ್ನು’ ಅಂದರು. ಅದು ನಮ್ಮ ಊರಿನಿಂದ ಎರಡು ಹೊಲ ದಾಟಿದರೆ ಸಿಗುವ ಹಳ್ಳಿ. ಎಷ್ಟು ಸಲ ಅದರ ಮೇಲೆ ಬಸ್ಸಿನಲ್ಲಿ ಹೋಗಿದ್ದೇನೆ. ಆ ಕೆಂಚ ಯಾರು ಅಂತ ಒಂದು ಸಲವೂ ಕೇಳಿರಲಿಲ್ಲ.

‘ಅಮ್ಮ, ಅಲ್ಲಿ ಶಾಸನ ಗೀಸನ ಏನಾದರೂ ಇದೆಯಾ?’

‘ಈಶ್ವರನ ಗುಡಿ ಹಿಂದೆ ಒಂದು ಕಲ್ಲು ಐತೆ. ಮೇಲೆ ಬರೆದಿರೋದು ಅರ್ಧ ಮಣ್ಣಲ್ಲಿ ಹೋಗೈತೆ. ನಿನ್ನ ತಮ್ಮನಿಗೆ ಹೇಳ್ತೀನಿ, ಫೋಟೋ ಹೊಡೆದು ಕಳಿಸಲಿ’ ಅಂದರು.

ನಾನು ಹೊಸ ಕಾರ್ಡು ತೆಗೆದೆ.